ಗುಲಾಬಿಗೆ ಹೇನು: ಮೇಷ್ಟ್ರ ತಾರಸಿಯ ಒಂದು ಪ್ರಕರಣ

ಮನೆತೋಟ ಮಾಡುವವರಿಗೆ ಸಲಹೆ ಕೊಡುವುದು ನನ್ನ ಕೆಲಸ. ಚಳಿಗಾಲ ಬಂತೆಂದರೆ ಗುಲಾಬಿಯ ಹೇನಿನ (ಚಿಗುರಿನ ರಸ ಹೀರುವ ಪುಟ್ಟ ಹುಳ) ಬಗ್ಗೆ ಬರುವಷ್ಟು ಫೋನು ಬೇರೆ ಯಾವುದಕ್ಕೂ ಬರುವುದಿಲ್ಲ. ಹೆಚ್ಚಿನವು ಐದು ನಿಮಿಷದಲ್ಲಿ ಮುಗಿಯುತ್ತವೆ. ಇದೊಂದು ಮಾತ್ರ ಒಂದು ವರ್ಷಕ್ಕೂ ಜಾಸ್ತಿ ಎಳೆಯಿತು. ಇದರಲ್ಲಿ ನನ್ನದೂ ಒಂದು ತಪ್ಪಿದೆ. ಹಾಗಾಗಿಯೇ ಬರೆಯುತ್ತಿದ್ದೇನೆ. ಆ ಮನೆಯವರ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಮನೆ ಮೈಸೂರಿನ ಒಂದು ಹಳೆಯ ಬಡಾವಣೆಯಲ್ಲಿದೆ. ಯಜಮಾನರು ನಿವೃತ್ತ ಗಣಿತದ ಮೇಷ್ಟ್ರು. ಹೆಸರು ಬೇಡ, ಮೇಷ್ಟ್ರು ಅಂತಲೇ ಕರೆಯೋಣ. ಅವರ ಮನೆಯವರನ್ನು ನಾನು ಅಮ್ಮ ಅನ್ನುತ್ತೇನೆ. ತಾರಸಿಯಲ್ಲಿ 34 ಕುಂಡ. ಹತ್ತು ಹನ್ನೆರಡು ಹೈಬ್ರಿಡ್ ಗುಲಾಬಿ, ಉಳಿದವು ಬಟನ್ ರೋಸ್, ಮೂಲೆಯಲ್ಲಿ ಆರು ಪನ್ನೀರು ಗುಲಾಬಿ. ಹೈಬ್ರಿಡ್ ಮೇಷ್ಟ್ರ ಹೆಮ್ಮೆ. ಪನ್ನೀರು ಗುಲಾಬಿ ಅಮ್ಮನದು. ಅದರ ಎಸಳಿಗೆ ಸಕ್ಕರೆ ಹಾಕಿ, ಬಿಸಿಲಲ್ಲಿಟ್ಟು ಗುಲ್ಕಂದ ಮಾಡುತ್ತಾರೆ. ಈ ಗುಲ್ಕಂದ ಮುಂದೆ ಮುಖ್ಯವಾಗುತ್ತದೆ.

ಶುರುವಾಗಿದ್ದು ಹೀಗೆ

ಆಯುಧಪೂಜೆ ಕಳೆದ ವಾರ ಮೇಷ್ಟ್ರು ಎಲ್ಲ ಗಿಡಗಳನ್ನೂ ಸವರಿದರು, ಅಂದರೆ ಕೊಂಬೆ ಕತ್ತರಿಸಿದರು. ಮಳೆ ನಿಂತ ಮೇಲೆ ಸವರುವುದು ಸರಿಯಾದ ಕ್ರಮವೇ. ಸುಮಾರು ಒಂದೂವರೆ ತಿಂಗಳಿಗೆ ಹೂವು ಬರುತ್ತದೆ. ಆದರೆ ಅವರಿಗೆ ಹೊಸ ವರ್ಷಕ್ಕೆ ಹೂವು ದಂಡಿಯಾಗಿ ಬರಬೇಕಿತ್ತು. ಕೊಟ್ಟಿಗೆ ಗೊಬ್ಬರ ಹಾಕಿದರು, ಕಡಲೆಕಾಯಿ ಹಿಂಡಿ ನೆನೆಸಿದ ನೀರು ಕೊಟ್ಟರು, ಅದೂ ಸಾಲದೆಂದು ವಾರಕ್ಕೊಮ್ಮೆ ಕುಂಡಕ್ಕೆ ಒಂದು ಚಮಚ ಯೂರಿಯಾ ಬೇರೆ. ನವೆಂಬರ್ ಮಧ್ಯದ ಹೊತ್ತಿಗೆ ಚಿಗುರು ಉಕ್ಕಿ ಬಂತು. ಕೆಂಪಗೆ, ರಸ ತುಂಬಿ, ಬೆರಳಲ್ಲಿ ಒತ್ತಿದರೆ ಮುರಿಯುವಷ್ಟು ಎಳಸು.

ಹೇನಿಗೆ ಬೇಕಾಗಿದ್ದೂ ಅದೇ. ಹೇನು ಸೂಜಿಯಂಥ ಬಾಯಿಯನ್ನು ಚಿಗುರಿಗೆ ಚುಚ್ಚಿ ರಸ ಹೀರುತ್ತದೆ. ಸಾರಜನಕ ಜಾಸ್ತಿ ಇದ್ದ ರಸ ಕುಡಿದರೆ ಬೇಗ ಬೆಳೆಯುತ್ತದೆ, ಬೇಗ ಮರಿ ಹಾಕುತ್ತದೆ. ಹೌದು, ಮರಿಯೇ. ನಮ್ಮ ಹವೆಯಲ್ಲಿ ಈ ಹೇನುಗಳು ಮೊಟ್ಟೆಯ ಗೋಜಿಗೇ ಹೋಗುವುದಿಲ್ಲ, ಗಂಡಿನ ಹಂಗೂ ಇಲ್ಲ. ತಾಯಿ ನೇರವಾಗಿ ಹೆಣ್ಣು ಮರಿ ಹಾಕುತ್ತದೆ. ಆ ಮಗಳ ಹೊಟ್ಟೆಯಲ್ಲಿ ಆಗಲೇ ಮೊಮ್ಮಗಳು ಬೆಳೆಯುತ್ತಿರುತ್ತದೆ. ಹುಟ್ಟಿದ ಹತ್ತು ದಿನದ ಆಸುಪಾಸಿನಲ್ಲಿ ಮಗಳೂ ಬಾಣಂತಿ. ಇದನ್ನು ಹೇಳಿದಾಗ ಮೇಷ್ಟ್ರು, ‘ಚದುರಂಗದ ಮನೆಗೆ ಅಕ್ಕಿ ಕಾಳು ಇಟ್ಟ ಲೆಕ್ಕ ಆಯ್ತಲ್ಲಪ್ಪ ಇದು’ ಅಂದರು. ಅದೇ ಲೆಕ್ಕ, ಮನೆಯಿಂದ ಮನೆಗೆ ದುಪ್ಪಟ್ಟು.

ಮೊದಲ ಎರಡು ವಾರ ಅವರಿಗೆ ಇದು ಹೇನು ಅಂತಲೇ ಗೊತ್ತಾಗಲಿಲ್ಲ. ಕಣ್ಣಿಗೆ ಬಿದ್ದಿದ್ದು ಎಲೆಯ ಮೇಲಿನ ಬಿಳಿ ಪುಡಿ. ಬೂದಿ ರೋಗ ಅಂದುಕೊಂಡು ಅಮ್ಮ ಅರಿಶಿನ ಉದುರಿಸಿದರು, ಒಲೆಯ ಬೂದಿ ಎರಚಿದರು. ಆ ಬಿಳಿ ಪುಡಿ ಹೇನುಗಳು ಕಳಚಿ ಬಿಟ್ಟ ಪೊರೆ. ಬೂದಿ ರೋಗವಾದರೆ ಎಲೆಗೆ ಮೆತ್ತಿಕೊಂಡಿರುತ್ತದೆ. ಪೊರೆಯಾದರೆ ಊದಿದರೆ ಹಾರುತ್ತದೆ. ಎಲೆಯ ಹಿಂದೆ, ಮೊಗ್ಗಿನ ಕತ್ತಿನ ಸುತ್ತ ನೋಡಿದ್ದರೆ ಹಸಿರು, ನಸುಗೆಂಪು ಹೇನುಗಳ ಗುಂಪು ಅಲ್ಲೇ ಇತ್ತು. ಎರಡು ವಾರ ಹೋಯಿತು. ಚದುರಂಗದ ಲೆಕ್ಕದಲ್ಲಿ ಎರಡು ವಾರ ಸಣ್ಣದಲ್ಲ.

ಒಂದಾದ ಮೇಲೊಂದು ಮದ್ದು

ಹೇನು ಅಂತ ಗೊತ್ತಾದ ಮೇಲೆ ಮೊದಲು ಬಂದಿದ್ದು ಬಟ್ಟೆ ಒಗೆಯುವ ಪುಡಿ. ಸೋಪಿನ ನೀರು ಹೊಡೆದರೆ ಹೋಗುತ್ತದೆ ಅಂತ ಯಾರೋ ಹೇಳಿದ್ದರು. ಮಾತು ಸುಳ್ಳಲ್ಲ. ಆದರೆ ಸೋಪೇ ಬೇರೆ, ಡಿಟರ್ಜೆಂಟೇ ಬೇರೆ. ಮೇಷ್ಟ್ರು ಅರ್ಧ ಬಕೆಟ್ ನೀರಿಗೆ ಎರಡು ದೊಡ್ಡ ಚಮಚ ಪುಡಿ ಕಲಸಿ, ಬೆಳಿಗ್ಗೆ ಹನ್ನೊಂದರ ಬಿಸಿಲಲ್ಲಿ ಹೊಡೆದರು. ಹೇನು ಸತ್ತಿತು. ಜೊತೆಗೆ ಎಲೆಯ ಅಂಚು ಸುಟ್ಟು ಕಂದಾಯಿತು. ಐದಾರು ದಿನಕ್ಕೆ, ಸೋಪು ತಾಗದ ಕಡೆ ಉಳಿದಿದ್ದ ಹೇನು ಮತ್ತೆ ಹಬ್ಬಿತು. ಸೋಪು ತಾಗಿದ ಹುಳವನ್ನಷ್ಟೇ ಕೊಲ್ಲುತ್ತದೆ. ಒಣಗಿದ ಮೇಲೆ ಅದಕ್ಕೆ ಕಸುವಿಲ್ಲ.

ಆಗ ನನಗೆ ಫೋನು ಬಂತು. ನಾನು ಬಸ್ಸಿನಲ್ಲಿದ್ದೆ. ‘ಬೇವಿನ ಎಣ್ಣೆ ಹೊಡೀರಿ ಮೇಷ್ಟ್ರೇ, ಲೀಟರಿಗೆ 5 ಮಿಲಿ’ ಅಂದು ಇಟ್ಟುಬಿಟ್ಟೆ. ಹೇಗೆ ಕಲಸಬೇಕು ಅಂತ ಹೇಳಲಿಲ್ಲ. ಅವರಿಗೆ ಕೇಳಬೇಕು ಅಂತ ಹೊಳೆಯಲಿಲ್ಲ. ಎಣ್ಣೆ ಮತ್ತು ನೀರು ಸುಮ್ನೆ ಸೇರುವುದಿಲ್ಲ. ಮೊದಲು ಸ್ವಲ್ಪ ಬೆಚ್ಚಗಿನ ನೀರಿಗೆ ಸೋಪಿನ ದ್ರಾವಣ ಹಾಕಿ, ಅದರಲ್ಲಿ ಎಣ್ಣೆಯನ್ನು ಹಾಲಿನ ಹಾಗೆ ಆಗುವವರೆಗೆ ಕದಡಿ, ಆಮೇಲೆ ಉಳಿದ ನೀರು ಸೇರಿಸಬೇಕು. ಮೇಷ್ಟ್ರು ಕ್ಯಾನಿಗೆ ನೀರು ತುಂಬಿ ಮೇಲೆ ಎಣ್ಣೆ ಹಾಕಿ ಅಲ್ಲಾಡಿಸಿದರು. ಎಣ್ಣೆ ತೇಲಿತು. ಸ್ಪ್ರೇ ಕೊಳವೆ ನೀರನ್ನು ತಳದಿಂದ ಎಳೆಯುತ್ತದಲ್ವಾ, ಮೊದಲ ಮೂವತ್ತು ಗಿಡಕ್ಕೆ ಬರೀ ನೀರು ಬಿತ್ತು. ಕೊನೆಗೆ ಉಳಿದ ಎಣ್ಣೆ ಅಷ್ಟೂ ಎರಡು ಬಟನ್ ರೋಸ್ ಗಿಡಗಳ ಪಾಲಾಯಿತು. ಅವು ಎಲೆ ಉದುರಿಸಿ ನಿಂತವು. ಒಂದು ಬದುಕಲೇ ಇಲ್ಲ.

ಮೇಷ್ಟ್ರಿಗೆ ‘ಈ ಮನೆಮದ್ದೆಲ್ಲ ಸುಳ್ಳು’ ಅನ್ನಿಸಿತು. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಅನ್ನಿಸುತ್ತಿತ್ತು. ಡಿಸೆಂಬರ್ ಮೊದಲ ವಾರ ಗೊಬ್ಬರದ ಅಂಗಡಿಗೆ ಹೋದರು. ಅಂಗಡಿಯಾತ ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಇದ್ದ ಸಣ್ಣ ಬಾಟಲಿ ಕೊಟ್ಟು, ‘ಒಂದು ಮುಚ್ಚಳ ಹಾಕಿ ಸಾರ್’ ಅಂದನಂತೆ. ಎಷ್ಟು ನೀರಿಗೆ ಅಂತ ಇವರು ಕೇಳಲಿಲ್ಲ. ಆ ಔಷಧವನ್ನು ಒಂದು ಲೀಟರ್ ನೀರಿಗೆ ಅರ್ಧ ಮಿಲಿಗಿಂತ ಕಡಿಮೆ ಬಳಸುತ್ತಾರೆ. ಮುಚ್ಚಳದಲ್ಲಿ 5 ಮಿಲಿ ಹಿಡಿಯುತ್ತಿತ್ತು. ಮೇಷ್ಟ್ರು ಲೀಟರಿಗೆ ಒಂದು ಮುಚ್ಚಳ ಹಾಕಿದರು. ಬಾಯಿಗೆ ಬಟ್ಟೆ ಇಲ್ಲ, ಕೈಗವಸು ಇಲ್ಲ.

ಎರಡೇ ದಿನದಲ್ಲಿ ಹೇನು ಮಾಯ. ಇಂಥ ಫಲಿತಾಂಶ ಕಂಡವರಿಗೆ ಮತ್ತೆ ಬೇರೆ ದಾರಿ ಹೇಳುವುದು ಕಷ್ಟ. ಕ್ರಿಸ್‌ಮಸ್‌ವರೆಗೂ ತಾರಸಿ ನೋಡಲು ಚೆಂದವಿತ್ತು. ಹೂವು ಬಂತು, ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದರು. ಅಮ್ಮ ಪನ್ನೀರು ಗುಲಾಬಿ ಕೊಯ್ದು ಒಂದು ಭರಣಿ ಗುಲ್ಕಂದಕ್ಕೆ ಇಟ್ಟರು.

ಸಂಕ್ರಾಂತಿ ಕಳೆದ ಮೇಲೆ

ಸಂಕ್ರಾಂತಿಯ ಮಾರನೆ ವಾರ ಹೇನು ಮರಳಿತು. ಹೊಸ ಚಿಗುರು ಬಂದಾಗ ಅದರಲ್ಲಿ ಔಷಧದ ಅಂಶ ಇರಲಿಲ್ಲ. ಅಕ್ಕಪಕ್ಕದ ಮನೆಗಳಿಂದ ರೆಕ್ಕೆಯ ಹೇನುಗಳು ಹಾರಿ ಬಂದವು. ಗುಂಪು ಜಾಸ್ತಿಯಾಗಿ ಜಾಗ ಸಾಲದಾದರೆ ಹೇನಿಗೆ ರೆಕ್ಕೆ ಬರುತ್ತದೆ. ಈ ಸಲ ಹೇನಿನ ಜೊತೆ ಇನ್ನೊಂದು ತೊಂದರೆ. ಎಲೆಗಳು ಮಂಕಾಗಿ, ತಾಮ್ರದ ಬಣ್ಣಕ್ಕೆ ತಿರುಗಿ, ಹಿಂದೆ ನವಿರಾದ ಬಲೆ. ಇದು ನುಸಿ. ನುಸಿ ಜೇಡನ ಬಳಗ. ಹೇನಿನ ಔಷಧ ಅದಕ್ಕೆ ನಾಟುವುದಿಲ್ಲ. ಒಣ ಹವೆಯೂ ನುಸಿಗೆ ಹಿಡಿಸುತ್ತದೆ, ಅದು ನಿಜ. ಆದರೆ ನುಸಿಯನ್ನು ತಿಂದು ಬದುಕುವ ಜೀವಿಗಳು ಔಷಧದಲ್ಲಿ ಸತ್ತ ಮೇಲೆ ಅದು ಎದ್ದಿತು ಅನ್ನುವುದೇ ನನ್ನ ಅಂದಾಜು. ಈ ಗುಂಪಿನ ಔಷಧದ ನಂತರ ನುಸಿ ಹೆಚ್ಚುವುದನ್ನು ಬೇರೆಡೆಯೂ ಕಂಡಿದ್ದಾರೆ.

ಮೇಷ್ಟ್ರು ಮತ್ತೆ ಬಾಟಲಿ ಕೈಗೆತ್ತಿಕೊಂಡರು. ಅಮ್ಮ ತಡೆದರು. ಹೇನಿನ ಮೇಲಿನ ಕರುಣೆಯಿಂದಲ್ಲ. ‘ರೀ, ಆ ನೀರು ಹೊಡೆದ ಹೂವೇ ಅಲ್ವಾ ನಾನು ಗುಲ್ಕಂದಕ್ಕೆ ಹಾಕಿದ್ದು?’ ಅಂತ ಕೇಳಿದರಂತೆ. ಆ ಔಷಧ ಎಲೆಯ ಮೇಲಷ್ಟೇ ನಿಲ್ಲುವುದಲ್ಲ, ಗಿಡದ ರಸದಲ್ಲಿ ಸೇರಿ ಓಡಾಡುತ್ತದೆ. ಮೊಮ್ಮಕ್ಕಳು ತಿನ್ನುವ ಗುಲ್ಕಂದ. ನನಗೆ ಎರಡನೇ ಸಲ ಫೋನು ಮಾಡಿದ್ದು ಅಮ್ಮ. ಭರಣಿ ಚೆಲ್ಲಿಬಿಡಿ ಅಂದೆ. ಈ ಸಲ ಫೋನಿನಲ್ಲಿ ಮದ್ದು ಹೇಳಲಿಲ್ಲ. ಜನವರಿ ಕೊನೆಯ ಶನಿವಾರ ಖುದ್ದು ಹೋದೆ.

ಜಾಡಿಯಲ್ಲಿ ಇದ್ದದ್ದು

ತಾರಸಿಗೆ ಹೋದ ಕೂಡಲೇ ಅಮ್ಮ ಒಂದು ಹಳೆಯ ಉಪ್ಪಿನಕಾಯಿ ಜಾಡಿ ತೋರಿಸಿದರು. ಒಳಗೆ ಸೋಪಿನ ನೀರು, ತಳದಲ್ಲಿ ಸತ್ತ ಹುಳಗಳು. ‘ನೋಡಪ್ಪಾ, ಹೇನನ್ನ ಕೈಯಲ್ಲಿ ಹಿಡಿಯೋಕೆ ಆಗಲ್ಲ. ಆದರೆ ಈ ದೊಡ್ಡ ಹುಳಗಳನ್ನ ಒಂದೊಂದೇ ಚಿಮಟದಲ್ಲಿ ಹಿಡಿದು ಹಾಕ್ತಾ ಇದ್ದೀನಿ. ಇವೇ ಚಿಗುರು ತಿನ್ನೋದು.’

ಬಿಳಿ ತಟ್ಟೆಗೆ ಸುರಿದು ಭೂತಗನ್ನಡಿಯಲ್ಲಿ ನೋಡಿದೆ. ಸುಮಾರು ನಲವತ್ತು ಹುಳ. ನಾಲ್ಕೈದು ನಿಜವಾಗಿ ಎಲೆ ತಿನ್ನುವ ಕಂಬಳಿಹುಳ. ಉಳಿದವು ಕಪ್ಪಗೆ, ಉದ್ದಕ್ಕೆ, ಬೆನ್ನ ಮೇಲೆ ಕಿತ್ತಳೆ ಚುಕ್ಕೆ, ಆರು ಕಾಲು, ಮೊಸಳೆ ಮರಿಯನ್ನು ಅಕ್ಕಿ ಕಾಳಿನಷ್ಟಕ್ಕೆ ಇಳಿಸಿದ ಹಾಗೆ. ಗುಲಗಂಜಿ ಹುಳುವಿನ ಮರಿಗಳು ಅವು.

ಗುಲಗಂಜಿ ಹುಳು ಎಲ್ಲರಿಗೂ ಗೊತ್ತು. ಗುಲಗಂಜಿ ಬೀಜದ ಹಾಗೆ ಕೆಂಪು, ಕಪ್ಪು, ಗುಂಡಗೆ. ಅಮ್ಮನಿಗೂ ಗೊತ್ತಿತ್ತು. ‘ಅದು ಪಾಪದ ಹುಳ, ಅದನ್ನ ಮುಟ್ಟಿಲ್ಲ’ ಅಂದರು. ಅದರ ಮರಿ ಹೇಗಿರುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ. ಆ ಮರಿ ದೊಡ್ಡದಾಗುವಷ್ಟರಲ್ಲಿ ನೂರಾರು ಹೇನು ತಿನ್ನುತ್ತದೆ. ಎರಡು ವಾರಕ್ಕಿಂತ ಕಡಿಮೆ ಸಮಯದಲ್ಲಿ. ಮೇಷ್ಟ್ರು ಔಷಧ ಹೊಡೆದು ಒಂದು ಸಲ ಕೊಂದಿದ್ದರು. ಏಳೆಂಟು ವಾರದ ನಂತರ ಗುಲಗಂಜಿಗಳು ಮತ್ತೆ ಹುಡುಕಿಕೊಂಡು ಬಂದಾಗ ಅಮ್ಮ ಚಿಮಟ ಹಿಡಿದು ಕಾದಿದ್ದರು. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಜಾಡಿ ತೊಳೆಯಲು ಒಳಗೆ ಹೋದರು.

ಎಲೆಯ ಮೇಲೆ ಇನ್ನೊಂದು ಸುಳಿವಿತ್ತು. ಹಸಿರು ಹೇನುಗಳ ನಡುವೆ ಅಲ್ಲಲ್ಲಿ ಕಂದು ಬಣ್ಣದ, ಊದಿಕೊಂಡ, ಅಲ್ಲಾಡದ ಹೇನು. ಕೆಲವಕ್ಕೆ ಬೆನ್ನಲ್ಲಿ ದುಂಡನೆಯ ತೂತು. ಸೂಜಿಮೊನೆಯಷ್ಟು ಸಣ್ಣ ಕಣಜ ಹೇನಿನೊಳಗೆ ಮೊಟ್ಟೆ ಇಟ್ಟು, ಅದರ ಮರಿ ಹೇನನ್ನು ಒಳಗಿನಿಂದ ತಿಂದು ಹೊರಬಂದ ಗುರುತು ಅದು. ಅಂದರೆ ಮೇಷ್ಟ್ರ ತಾರಸಿಗೆ ಪಡೆ ಬರುತ್ತಲೇ ಇತ್ತು. ಅದನ್ನು ಉಳಿಯಲು ಬಿಡಬೇಕಿತ್ತು, ಅಷ್ಟೆ.

ಮತ್ತೆ, ಗೊದ್ದ. ದಪ್ಪ ಕರಿ ಇರುವೆ ಗೋಡೆಯಿಂದ ಸ್ಟ್ಯಾಂಡಿಗೆ, ಸ್ಟ್ಯಾಂಡಿನಿಂದ ಕಾಂಡಕ್ಕೆ ಸಾಲು ಹಿಡಿದಿತ್ತು. ಹೇನು ಕುಡಿದ ರಸದಲ್ಲಿ ಹೆಚ್ಚಾದ ಸಕ್ಕರೆಯನ್ನು ಹಿಂದಿನಿಂದ ಅಂಟಾಗಿ ಬಿಡುತ್ತದೆ. ಕೆಳಗಿನ ಎಲೆಗಳು ಜಿಗುಟಾಗಿ, ಕಾಡಿಗೆ ಬಳಿದಂತೆ ಕಪ್ಪಗಾಗಿದ್ದು ಆ ಅಂಟಿನ ಮೇಲೆ ಬೆಳೆದ ಬೂಷ್ಟಿನಿಂದ. ಆ ಸಿಹಿಗಾಗಿ ಇರುವೆಗಳು ಹೇನನ್ನು ಹಸು ಸಾಕಿದ ಹಾಗೆ ಸಾಕುತ್ತವೆ. ಗುಲಗಂಜಿ ಬಂದರೆ ಕಚ್ಚಿ ಓಡಿಸುತ್ತವೆ.

ಏನೂ ಹೊಡೆಯದ ಹತ್ತು ದಿನ

ಇಲ್ಲಿ ನಿರ್ಧಾರ ಸುಲಭವಿರಲಿಲ್ಲ. ಸರಿಯಾಗಿ ಕಲಸಿದ ಬೇವಿನ ಎಣ್ಣೆಯನ್ನು ಎಲ್ಲ ಗಿಡಕ್ಕೂ ಹೊಡೆಯಬಹುದಿತ್ತು. ಮೇಷ್ಟ್ರಿಗೆ ಅದೇ ಬೇಕಿತ್ತು. ಆದರೆ ಎಣ್ಣೆಯಾಗಲಿ ಸೋಪಾಗಲಿ, ಮೈಮೇಲೆ ಬಿದ್ದರೆ ಗುಲಗಂಜಿ ಮರಿಗೂ ಕಷ್ಟವೇ. ಇಷ್ಟು ಹುಳ ಬಂದಿರುವಾಗ ಕಾಯೋಣ ಅಂತ ನಾನು ಹೇಳಿದೆ. ಸುಮ್ನೆ ಕಾಯಿರಿ ಅಂದರೆ ಯಾರೂ ಕಾಯುವುದಿಲ್ಲ. ಗಣಿತದ ಮೇಷ್ಟ್ರಿಗೆ ಲೆಕ್ಕದ ಪುಸ್ತಕ ಕೊಟ್ಟೆ. ಪ್ರತಿ ಭಾನುವಾರ, ಬೇರೆ ಬೇರೆ ಗಿಡದ 20 ಕುಡಿ ನೋಡಬೇಕು. ಎಷ್ಟರಲ್ಲಿ ಹೇನಿದೆ, ಎಷ್ಟರಲ್ಲಿ ಗುಲಗಂಜಿ ಇದೆ, ಬರೆಯಬೇಕು. ಹತ್ತನೇ ದಿನಕ್ಕೆ 15ಕ್ಕಿಂತ ಹೆಚ್ಚು ಕುಡಿಯಲ್ಲಿ ಹೇನಿದ್ದು, ಗುಲಗಂಜಿ ಒಂದೂ ಕಾಣದಿದ್ದರೆ ಸೋಪಿನ ದ್ರಾವಣ ಹೊಡೆಯೋಣ. ಮೊದಲೇ ಗೆರೆ ಎಳೆದುಕೊಂಡಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಮೂರನೇ ದಿನವೇ ಬಾಟಲಿ ಹೊರಬರುತ್ತಿತ್ತು.

ಈ ನಡುವೆ ಮಾಡಿದ ಕೆಲಸ ಮೂರು ನಾಲ್ಕು. ಯೂರಿಯಾ ನಿಲ್ಲಿಸಿದರು. ದಿನ ಬೆಳಿಗ್ಗೆ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಇನ್ನೊಂದು ಕೈಯಲ್ಲಿ ಕುಡಿಯನ್ನು ಹಿಡಿದು, ಎಲೆಯ ಹಿಂದಕ್ಕೆ ಜೋರಾಗಿ ನೀರು ಹೊಡೆದರು. ಗುಲಗಂಜಿಯ ಮೊಟ್ಟೆ ಅಥವಾ ಮರಿ ಇರುವ ಕುಡಿಯನ್ನು ಬಿಟ್ಟು. ಕೆಳಗೆ ಬಿದ್ದ ಹೇನುಗಳಲ್ಲಿ ಹೆಚ್ಚಿನವು ಮತ್ತೆ ಹತ್ತಿ ಬರಲಾರವು. ನುಸಿಗೂ ನೀರೆಂದರೆ ಆಗದು, ಒಂದೇ ಕೆಲಸದಲ್ಲಿ ಎರಡಕ್ಕೂ ಪೆಟ್ಟು. ಸಂಜೆ ಬೇಡ ಅಂದಿದ್ದೆ. ರಾತ್ರಿಯಿಡೀ ಎಲೆ ಒದ್ದೆಯಿದ್ದರೆ ಕಪ್ಪು ಚುಕ್ಕೆ ರೋಗಕ್ಕೆ ಕರೆದು ಮಣೆ ಹಾಕಿದ ಹಾಗೆ. ತೀರಾ ಕೆಟ್ಟಿದ್ದ ಎರಡು ಗಿಡಗಳ ಕುಡಿಗಳನ್ನು ಕತ್ತರಿಸಿ, ಸೋಪಿನ ನೀರಲ್ಲಿ ಮುಳುಗಿಸಿ ಎಸೆದೆವು.

ಇರುವೆಗೆ ದಾರಿ ಹೇಳಿದ್ದು ಅಮ್ಮ. ಅವರ ತವರಿನಲ್ಲಿ ಜಾಲರಿಯ ಬೀರುವಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಂತೆ, ಬೆಲ್ಲಕ್ಕೆ ಇರುವೆ ಹತ್ತದ ಹಾಗೆ. ಕುಂಡದ ಕಬ್ಬಿಣದ ಸ್ಟ್ಯಾಂಡುಗಳ ಕಾಲಿಗೂ ಹಳೆಯ ಪ್ಲಾಸ್ಟಿಕ್ ಡಬ್ಬಿ ಇಟ್ಟು ನೀರು ತುಂಬಿದರು. ಸೊಳ್ಳೆ ಆಗದಿರಲಿ ಅಂತ ಒಂದೆರಡು ಹನಿ ಅಡುಗೆ ಎಣ್ಣೆ. ಗೋಡೆಗೆ ತಾಗುತ್ತಿದ್ದ ಕೊಂಬೆ ಸವರಿದರು. ಒಂದು ಎಲೆ ಗೋಡೆಗೆ ತಾಗಿದ್ದರೂ ಇರುವೆಗೆ ಅದೇ ಸೇತುವೆ. ನಾನು ಸ್ಟ್ಯಾಂಡಿನ ಕಾಲಿಗೆ ಗ್ರೀಸು ಬಳಿಯಿರಿ ಅಂತ ಹೇಳಬೇಕೆಂದಿದ್ದೆ. ಬಟ್ಟಲಿನ ಉಪಾಯವೇ ಚೊಕ್ಕ.

ಮೊದಲ ಭಾನುವಾರ 20ರಲ್ಲಿ 18 ಕುಡಿಯಲ್ಲಿ ಹೇನು. ಬುಧವಾರ ಅಮ್ಮನಿಗೆ ಎಲೆಯ ಹಿಂದೆ ನಿಲ್ಲಿಸಿಟ್ಟ ಹಾಗಿದ್ದ ಗುಲಗಂಜಿಯ ಹಳದಿ ಮೊಟ್ಟೆಗಳ ಗುಂಪು ಕಂಡಿತು. ಎರಡನೇ ಭಾನುವಾರ 16. ಒಂಬತ್ತನೇ ದಿನ ರಾತ್ರಿ ಮೇಷ್ಟ್ರು ಫೋನು ಮಾಡಿದರು. ‘ಎರಡೇ ಎರಡು ಕಡಿಮೆಯಾಗಿದೆ. ನಿನ್ನ ಲೆಕ್ಕದಲ್ಲೇ ನಾಳೆ ಹೊಡೀಬೇಕಲ್ವಾ?’ ಗುಲಗಂಜಿ ಕಾಲಂನಲ್ಲಿ ಏನಿದೆ ಅಂತ ಕೇಳಿದೆ. ‘ಏಳು ಕುಡಿಯಲ್ಲಿ ಮರಿ ಇದೆ.’ ಹಾಗಾದರೆ ಗೆರೆ ದಾಟಿಲ್ಲ. ನಾನು ಬೇಡ ಅನ್ನುವುದರೊಳಗೆ ಹಿಂದಿನಿಂದ ಅಮ್ಮನ ದನಿ ಕೇಳಿಸಿತು, ‘ಇನ್ನೊಂದೆರಡು ದಿನ ನೋಡೋಣ ರೀ. ಸಣ್ಣವು ಈಗಷ್ಟೇ ಒಡೆದಿವೆ.’ ಹದಿನೈದು ದಿನದ ಹಿಂದೆ ಚಿಮಟ ಹಿಡಿದಿದ್ದವರು.

ಮೂರನೇ ಭಾನುವಾರ 9. ನಾಲ್ಕನೆಯದಕ್ಕೆ 4.

ಗೆದ್ದೆವು ಅನ್ನಬೇಡಿ ಅಂದೆ

ಮೇಷ್ಟ್ರು ಗ್ರಾಫ್ ಬರೆದು ಕಳಿಸಿದರು. ನೋಡಲು ಖುಷಿಯಾಯಿತು. ಆದರೆ ಆಗ ಫೆಬ್ರವರಿ ಮುಗಿಯುತ್ತಿತ್ತು. ಬಿಸಿಲು ಏರಿದ ಹಾಗೆ ಗುಲಾಬಿಯ ಹೇನು ತಾನಾಗಿಯೇ ಕಡಿಮೆಯಾಗುತ್ತದೆ. ಸೆಕೆ ಅದಕ್ಕೆ ಆಗುವುದಿಲ್ಲ. ಹೀಗಾಗಿ ಇಳಿದಿದ್ದರಲ್ಲಿ ಗುಲಗಂಜಿಯ ಪಾಲೆಷ್ಟು, ನೀರಿನ ಪಾಲೆಷ್ಟು, ಬಿಸಿಲಿನ ಪಾಲೆಷ್ಟು ಅಂತ ಬಿಡಿಸಿ ಹೇಳಲಾಗದು. ಮಾರ್ಚಿನಲ್ಲಿ ಏನು ಹೊಡೆದರೂ ‘ಕೆಲಸ ಮಾಡಿತು’ ಅನ್ನಿಸುತ್ತದೆ. ಹುಳಿ ಮಜ್ಜಿಗೆ, ಬೆಳ್ಳುಳ್ಳಿ ಕಷಾಯ, ಇಂಗಿನ ನೀರು, ಇವು ಎಷ್ಟೋ ಸಲ ಹೆಸರು ಗಳಿಸುವುದು ಹೀಗೆಯೇ. ನಿಜವಾದ ಪರೀಕ್ಷೆ ಮುಂದಿನ ಚಳಿಗಾಲಕ್ಕೆ ಅಂತ ಮೇಷ್ಟ್ರಿಗೆ ಹೇಳಿದೆ. ಅವರಿಗೆ ಸ್ವಲ್ಪ ಬೇಸರವಾಯಿತು, ಆದರೆ ಲೆಕ್ಕದವರು, ಒಪ್ಪಿದರು.

ಮುಂದಿನ ಅಕ್ಟೋಬರಿನಲ್ಲಿ ಮೂರು ಬದಲಾವಣೆ ಮಾಡಿದೆವು. ಎಲ್ಲ ಗಿಡಗಳನ್ನು ಒಂದೇ ದಿನ ಸವರಲಿಲ್ಲ. ಮೂರು ಪಾಲು ಮಾಡಿ, ಹತ್ತು ಹನ್ನೆರಡು ದಿನ ಬಿಟ್ಟು ಸವರಿದರು. ಎಳೆ ಚಿಗುರು ಒಟ್ಟಿಗೆ ಉಕ್ಕಲಿಲ್ಲ. ಯೂರಿಯಾ ಬದಲು ಎರೆಗೊಬ್ಬರ, ಜೊತೆಗೆ ಸ್ವಲ್ಪ ಬೇವಿನ ಹಿಂಡಿ. ಮೂರನೆಯದು ಅಲಸಂದೆ. ತಾರಸಿಯ ಎರಡು ಕಡೆ ಒಂದೊಂದು ಕುಂಡದಲ್ಲಿ ಅಲಸಂದೆ ಕಾಳು ಬಿತ್ತಿದರು. ಅಲಸಂದೆಗೆ ಕಪ್ಪು ಹೇನು ಬೇಗ ಬೀಳುತ್ತದೆ. ಅದಕ್ಕೆ ಕಾಳಿನ ಜಾತಿಯ ಗಿಡಗಳೆಂದರೆ ಇಷ್ಟ, ಗುಲಾಬಿಯ ತಂಟೆಗೆ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಗುಲಗಂಜಿಗೆ ಕಪ್ಪು ಹೇನಾದರೇನು, ಹಸಿರು ಹೇನಾದರೇನು, ಎರಡೂ ಊಟವೇ. ಗುಲಾಬಿಗೆ ಹೇನು ಬರುವ ಮೊದಲೇ ಅಲಸಂದೆಯ ಮೇಲೆ ಗುಲಗಂಜಿ ಸಂಸಾರ ಹೂಡಿತ್ತು. ರೈತರು ಹತ್ತಿ ಹೊಲದಲ್ಲಿ ಅಲಸಂದೆ ಸಾಲು ಬಿಡುವುದರ ಹಿಂದೆಯೂ ಇದೇ ಉಪಾಯವಿದೆ. ಅಮ್ಮ ಒಂದು ತಟ್ಟೆ ಕೊತ್ತಂಬರಿಯನ್ನು ಕೀಳದೆ ಹೂವಿಗೆ ಬಿಟ್ಟರು. ಅದರ ಹೂವಿಗೆ ಜೇನ್ನೊಣದ ಹಾಗೆ ಕಾಣುವ ಒಂದು ಬಗೆಯ ನೊಣ ಬರುತ್ತದೆ. ಅದರ ಮರಿಯೂ ಹೇನುಬಾಕ.

ಆ ನವೆಂಬರಿನಲ್ಲೂ ಹೇನು ಬಂತು. ಬರದೆ ಇರುವುದಿಲ್ಲ. ಮೇಷ್ಟ್ರ ಪುಸ್ತಕದಲ್ಲಿ ಅತಿ ಹೆಚ್ಚು ಇದ್ದಿದ್ದು ಡಿಸೆಂಬರ್ ಎರಡನೇ ಭಾನುವಾರ, 20ರಲ್ಲಿ 8. ಆ ವಾರ ಮೂರು ಗಿಡಗಳಿಗೆ ಮಾತ್ರ ಸರಿಯಾಗಿ ಕಲಸಿದ ಬೇವಿನ ಎಣ್ಣೆಯನ್ನು ಸಂಜೆ ಹೊಡೆದರು. ಬಿಸಿಲಿಗೆ ಬೇವಿನ ಕಸುವು ಬೇಗ ಹೋಗುತ್ತದೆ, ಜೇನ್ನೊಣಗಳೂ ಸಂಜೆಗೆ ಗೂಡು ಸೇರಿರುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಸಿಕ್ಕರೆ ಎಣ್ಣೆ ಕಲಸುವ ಈ ರಗಳೆಯೇ ಇಲ್ಲ, ಪೊಟ್ಟಣದ ಮೇಲಿನ ಅಳತೆಯಂತೆ ನೀರಲ್ಲಿ ಕರಗಿಸಿದರಾಯಿತು. ಅವತ್ತು ಬಸ್ಸಿನಲ್ಲಿ ನಾನು ಅದನ್ನೇ ಹೇಳಿದ್ದರೆ ಒಂದು ಬಟನ್ ರೋಸ್ ಉಳಿಯುತ್ತಿತ್ತು. ಈಗ ಫೋನಿನಲ್ಲಿ ಯಾರಿಗಾದರೂ ಮದ್ದು ಹೇಳುವ ಮೊದಲು ಮೂರು ಪ್ರಶ್ನೆ ಕೇಳುತ್ತೇನೆ: ಎಲೆಯ ಹಿಂದೆ ಏನಿದೆ, ಇರುವೆ ಇದೆಯಾ, ಗೊಬ್ಬರ ಏನು ಹಾಕಿದ್ದೀರಿ. ಕಪ್ಪು ಮೊಸಳೆಯಂಥ ಹುಳ ಕಂಡಿದ್ದೀರಾ ಅಂತಲೂ ಕೇಳುತ್ತೇನೆ. ಕೇಳಿದವರಲ್ಲಿ ಬಹಳ ಜನ ಅದನ್ನು ಕೊಂದವರೇ.

ಎಲ್ಲವೂ ಸರಿಹೋಗಿಲ್ಲ. ಬಿಳಿ ಹೈಬ್ರಿಡ್ ಗುಲಾಬಿಗಳಿಗೆ ಬೇಸಿಗೆಯಲ್ಲಿ ಥ್ರಿಪ್ಸ್ ಅನ್ನುವ ಸಣ್ಣ ಹುಳದ ಕಾಟ ಹಾಗೇ ಇದೆ, ಮೊಗ್ಗಿನ ಅಂಚು ಕಂದಾಗುತ್ತದೆ. ಅದಕ್ಕೆ ಈ ಉಪಾಯ ಸಾಲದು. ಒಣಗಿದ ಅಲಸಂದೆ ಬಳ್ಳಿ ನೋಡಲು ಚೆನ್ನಾಗಿಲ್ಲ, ಕಿತ್ತು ಹಾಕೋಣ ಅಂತ ಮೇಷ್ಟ್ರು ವಾರಕ್ಕೊಮ್ಮೆ ಹೇಳುತ್ತಾರೆ. ಅಮ್ಮ ಬಿಡುವುದಿಲ್ಲ. ಈ ಫೆಬ್ರವರಿಯಲ್ಲಿ ಹೋದಾಗ ಪನ್ನೀರು ಗುಲಾಬಿಯ ಒಂದು ಎಲೆ ಎತ್ತಿ ತೋರಿಸಿದರು, ಹಿಂದೆ ಆರೇಳು ಹಳದಿ ಮೊಟ್ಟೆ. ಆ ಎಲೆ ಬಿಟ್ಟು ಪಕ್ಕದ ಹೂವನ್ನಷ್ಟೇ ಕೊಯ್ದು ಬುಟ್ಟಿಗೆ ಹಾಕಿದರು. ತಾರಸಿಯ ಕಟ್ಟೆಯ ಮೇಲೆ ಹೊಸ ಭರಣಿ ಬಿಸಿಲಿಗಿತ್ತು.